ಸೂರ್ಯನ ಊರಿನಲ್ಲಿ ನೆರಳಿನ ತೋಟ

ಶಂಶಾಬಾದ್ ಎಂದರೆ ಈಗ ಎಲ್ಲರಿಗೂ ವಿಮಾನ ನಿಲ್ದಾಣ. ಊರ ಕಡೆಯ ಬಂಧುಗಳು ಫೋನಿನಲ್ಲಿ ಮೊದಲು ಕೇಳುವುದೇ "ವಿಮಾನದ ಸಪ್ಪಳಕ್ಕ ನಿದ್ದಿ ಹತ್ತತದೇನ್ರಿ?" ಎಂದು. ಆದರೆ ಊರಿನ ಹೆಸರು ವಿಮಾನಕ್ಕಿಂತ ಬಹಳ ಹಳೆಯದು. ನಿಜಾಮರ ಆಳ್ವಿಕೆಯಲ್ಲಿ ದೊಡ್ಡ ಜಹಗೀರುದಾರರಾಗಿದ್ದ ಪಾಯಗಾ ಮನೆತನದವರಿಗೆ ಶಂಸ್-ಉಲ್-ಉಮ್ರಾ ಎಂಬ ಬಿರುದಿತ್ತು. ಅಮೀರರಲ್ಲಿ ಸೂರ್ಯ ಎಂದು ಅದರ ಅರ್ಥ. ಊರಿನ ಹೆಸರಿನಲ್ಲಿರುವ 'ಶಂಸ್' ಆ ಬಿರುದಿನದೇ. ಅಂದಮೇಲೆ ನಾವಿರುವುದು ಸೂರ್ಯನ ಊರಿನಲ್ಲಿ ಎಂದಾಯಿತು. ನಾಲ್ಕನೆಯ ಅಂತಸ್ತಿನ ನಮ್ಮ ಬಾಲ್ಕನಿಗೆ ಮಾತ್ರ ಆ ಸೂರ್ಯ ವರ್ಷದ ಎಂಟು ತಿಂಗಳು ಇಣುಕಿ ಸಹ ನೋಡುವುದಿಲ್ಲ. ಅದು ಉತ್ತರಕ್ಕೆ ಮುಖ ಮಾಡಿದೆ, ಎದುರಿಗೆ ಇನ್ನೊಂದು ಬ್ಲಾಕು ನಿಂತಿದೆ.

ಈ ನೆರಳಿನಲ್ಲಿ ನಮ್ಮ ಹನ್ನೊಂದು ಕುಂಡಗಳು, ಮೂರು ಪೇಂಟಿನ ಬಕೀಟುಗಳು, ಹಣ್ಣು ತುಂಬಿ ಬಂದಿದ್ದ ಎರಡು ಥರ್ಮಕೋಲ್ ಪೆಟ್ಟಿಗೆಗಳು ಇವೆ. ನೋಡಿದವರು "ರಿಟೈರ್ ಆದ ಮೇಲೆ ಟೈಂಪಾಸ್ ಬೇಕಲ್ಲ" ಎನ್ನುತ್ತಾರೆ. ಎನ್ನಲಿ. ಆದರೆ ಮಣ್ಣನ್ನು ಮಹಡಿಗೆ ಹೊತ್ತು ಗಿಡ ಬೆಳೆಸುವುದು ನಮ್ಮಂಥ ನಿವೃತ್ತರು ಕಂಡುಹಿಡಿದ ಕೆಲಸವೇನೂ ಅಲ್ಲ. ಅದಕ್ಕೊಂದು ಇತಿಹಾಸ ಇದೆ. ಹೈದರಾಬಾದಿನಲ್ಲಂತೂ ಅದು ನಾನೂರು ವರ್ಷದಷ್ಟು ಹಿಂದಕ್ಕೆ ಹೋಗುತ್ತದೆ.

17ನೆಯ ಶತಮಾನದಲ್ಲಿ ವಜ್ರದ ವ್ಯಾಪಾರಕ್ಕೆಂದು ಗೋಲ್ಕೊಂಡಾಕ್ಕೆ ಬಂದಿದ್ದ ಫ್ರಾನ್ಸಿನ ಟವರ್ನಿಯೇ, ಕುತುಬ್‌ಶಾಹಿ ಅರಸರ ಅರಮನೆಯ ತಾರಸಿ ತೋಟಗಳನ್ನು ಕಂಡು ಬೆರಗಾಗಿದ್ದ. ತಾರಸಿಯ ಮೇಲೆ ಹೂವಿನ ಗಿಡವಷ್ಟೇ ಅಲ್ಲ, ದೊಡ್ಡ ದೊಡ್ಡ ಮರಗಳೇ ಇದ್ದವು. ಕೆಳಗಿನ ಕಮಾನುಗಳು ಇಷ್ಟು ಭಾರವನ್ನು ಹೇಗೆ ತಡೆದುಕೊಂಡಿವೆ ಎಂಬುದು ಅವನ ಆಶ್ಚರ್ಯ. ಗೋಲ್ಕೊಂಡಾ ಕೋಟೆಗೆ ಹೋದವರು ಗೋಡೆಯೊಳಗೆ ಹುದುಗಿಸಿದ ಮಣ್ಣಿನ ಕೊಳವೆಗಳನ್ನು ನೋಡಿರಬಹುದು. ನೀರನ್ನು ಹಂತಹಂತವಾಗಿ ಎತ್ತಿ ಮೇಲಕ್ಕೆ ಹರಿಸುವ ಏರ್ಪಾಡು ಅದು. ರಾಜನಿಗೆ ಮಹಡಿಯ ಮೇಲೆ ತೋಟ ಬೇಕಾದರೆ ನೀರೆತ್ತಲು ಎತ್ತುಗಳೂ ಆಳುಗಳೂ ಇದ್ದರು. ನಮಗೆ ಎರಡು ಕುಂಡ ಹೆಚ್ಚಾದರೆ "ಸಾರ್, ಬಾಲ್ಕನಿ ಮೇಲೆ ಲೋಡು ಜಾಸ್ತಿ ಆಗ್ತದೆ" ಎಂದು ಅಸೋಸಿಯೇಷನ್ನಿನವರು ಬಾಗಿಲು ತಟ್ಟುತ್ತಾರೆ. ಅವರ ಮಾತಲ್ಲಿ ನ್ಯಾಯವೂ ಇದೆ. ಇಪ್ಪತ್ತು ಲೀಟರಿನ ಒಂದು ಬಕೀಟಿನ ತುಂಬ ಹಸಿ ಮಣ್ಣಿದ್ದರೆ ಇಪ್ಪತ್ತೈದು, ಮೂವತ್ತು ಕಿಲೋ ತೂಗುತ್ತದೆ. ಟವರ್ನಿಯೇ ಕೇಳಿದ್ದೂ ಅದೇ ಪ್ರಶ್ನೆಯಲ್ಲವೇ?

ಇನ್ನು ಈ ಅಪಾರ್ಟ್‌ಮೆಂಟು ನಿಂತಿರುವ ನೆಲದ ಕಥೆ. ನಮ್ಮ ಕುಂಡಗಳಿಗೂ ಅದಕ್ಕೂ ನೇರ ಸಂಬಂಧ ಇದೆ. 1908ರ ಸೆಪ್ಟೆಂಬರ್ 28ರಂದು ಮೂಸಿ ನದಿಗೆ ಬಂದ ಮಹಾಪೂರದಲ್ಲಿ ಹೈದರಾಬಾದಿನ ಸಾವಿರಾರು ಜನ ಸತ್ತರು. ಇಂಥ ಪೂರ ಮತ್ತೆ ಬಾರದಂತೆ ಉಪಾಯ ಹೇಳಿ ಎಂದು ನಿಜಾಮ ಸರ್ಕಾರ 1909ರಲ್ಲಿ ಕರೆಸಿಕೊಂಡದ್ದು ನಮ್ಮ ಮುದ್ದೇನಹಳ್ಳಿಯ ಎಂ. ವಿಶ್ವೇಶ್ವರಯ್ಯನವರನ್ನು. ಮೇಲ್ಭಾಗದಲ್ಲೇ ಎರಡು ಜಲಾಶಯ ಕಟ್ಟಿ ಪ್ರವಾಹ ತಡೆಯಬೇಕೆಂಬುದು ಅವರ ಸಲಹೆ. ಅದರಂತೆ ಮೂಸಿಗೆ ಅಡ್ಡಲಾಗಿ ಉಸ್ಮಾನ್ ಸಾಗರ 1920ರಲ್ಲಿ, ಅದರ ಉಪನದಿ ಈಸಿಗೆ ಅಡ್ಡಲಾಗಿ ಹಿಮಾಯತ್ ಸಾಗರ 1927ರಲ್ಲಿ ಸಿದ್ಧವಾದವು. ಈ ಹಿಮಾಯತ್ ಸಾಗರ ಶಂಶಾಬಾದಿನ ಪಕ್ಕದಲ್ಲೇ ಇದೆ. ಮಂಡ್ಯದವರಿಗೆ ಕನ್ನಂಬಾಡಿ ಹೇಗೋ, ಹೈದರಾಬಾದಿನಲ್ಲಿರುವ ಕನ್ನಡಿಗರಿಗೆ ಈ ಎರಡು ಕೆರೆಗಳು ಹಾಗೆ. ನೆಂಟರು ಬಂದರೆ ಕರೆದುಕೊಂಡು ಹೋಗಿ, "ಇದು ನಮ್ಮವರ ಲೆಕ್ಕಾಚಾರ" ಎಂದು ತೋರಿಸಿ ಬರುತ್ತೇವೆ.

ಹೈದರಾಬಾದ್ ಸಂಸ್ಥಾನ ಭಾರತಕ್ಕೆ ಸೇರಿದ್ದು 1948ರ ಸೆಪ್ಟೆಂಬರಿನಲ್ಲಿ. ಮರುವರ್ಷ ಆಗಸ್ಟಿನಲ್ಲಿ ಜಹಗೀರುಗಳು ರದ್ದಾದವು. ನಗರದ ಸುತ್ತಲಿನ ಈ ಹಳ್ಳಿಗಳಲ್ಲಿ ಜೋಳ, ಭತ್ತದ ಜತೆಗೆ ಕಾಯಿಪಲ್ಲೆ, ಹೂವು, ದ್ರಾಕ್ಷಿ ಬೆಳೆಯುತ್ತಿದ್ದರು. ಅನಾಬ್-ಎ-ಶಾಹಿ ಎಂಬ ದಪ್ಪ ಬಿಳಿ ದ್ರಾಕ್ಷಿ ದಕ್ಷಿಣ ಭಾರತಕ್ಕೆಲ್ಲ ಹಬ್ಬಿದ್ದು ಹೈದರಾಬಾದಿನಿಂದಲೇ. ಒಂದು ಕಾಲಕ್ಕೆ ರಂಗಾರೆಡ್ಡಿ ಜಿಲ್ಲೆಯಲ್ಲಿ ದ್ರಾಕ್ಷಿ ಚಪ್ಪರಗಳು ಹೇರಳವಾಗಿದ್ದವು. ಪಕ್ಕದ ರಾಜೇಂದ್ರನಗರದಲ್ಲಿ 1964ರಲ್ಲಿ ಕೃಷಿ ವಿಶ್ವವಿದ್ಯಾಲಯವೇ ಬಂತು. 1996ರಲ್ಲಿ ಸರ್ಕಾರ 111ನೆಯ ನಂಬರಿನ ಆದೇಶ ಹೊರಡಿಸಿ, ಎರಡು ಜಲಾಶಯಗಳ ಸುತ್ತಲ ಎಂಬತ್ತನಾಲ್ಕು ಹಳ್ಳಿಗಳಲ್ಲಿ ದೊಡ್ಡ ಕಟ್ಟಡ, ಕಾರ್ಖಾನೆಗಳಿಗೆ ತಡೆ ಹಾಕಿತು. ಆ ಮಿತಿಯ ಹೊರಗೆ ಮಾತ್ರ ನೆಲದ ಹಣೆಬರಹ ಬೇರೆಯಾಯಿತು. ಸುಮಾರು 5,500 ಎಕರೆಯಲ್ಲಿ ಹೊಸ ವಿಮಾನ ನಿಲ್ದಾಣ ಎದ್ದಿತು. 2008ರ ಮಾರ್ಚಿನಲ್ಲಿ ಬೇಗಂಪೇಟೆಯ ವಿಮಾನಗಳೆಲ್ಲ ಇಲ್ಲಿಗೆ ಬಂದವು. ಹಿಂದೆಯೇ ಹೊರವರ್ತುಲ ರಸ್ತೆ, ಅದರ ಹಿಂದೆ ನಿವೇಶನ, ಆಮೇಲೆ ನಮ್ಮಂಥವರ ಫ್ಲ್ಯಾಟುಗಳು. ನಮ್ಮ ಕಟ್ಟಡದ ಜಾಗದಲ್ಲಿ ಬದನೆ, ಟೊಮೆಟೊ ಹಚ್ಚುತ್ತಿದ್ದರಂತೆ. ಹಾಗೆಂದು ಹೇಳಿದ್ದು ನಮ್ಮ ವಾಚ್‌ಮನ್. ಆ ಹೊಲದಲ್ಲಿ ಚಿಕ್ಕಂದಿನಲ್ಲಿ ಅವನೇ ಕಾಯಿ ಬಿಡಿಸಿದ್ದನಂತೆ. ಈಗ ಅದೇ ನೆಲದಿಂದ ನಲವತ್ತು ಅಡಿ ಮೇಲೆ ನಾವು ಬಕೀಟಿನಲ್ಲಿ ಮಣ್ಣು ತುಂಬಿ ಸೊಪ್ಪು ಬಿತ್ತುತ್ತೇವೆ. ಆ ಮಣ್ಣನ್ನೂ ನರ್ಸರಿಯಿಂದ ದುಡ್ಡು ಕೊಟ್ಟು ತಂದದ್ದು.

ನಾನು ಹುಟ್ಟಿ ಬೆಳೆದ ಸೇಡಂ ತಾಲ್ಲೂಕಿನ ಹಳ್ಳಿಯಲ್ಲಿ ಕುಂಡ ಎಂಬ ವಸ್ತುವೇ ಬೇಕಿರಲಿಲ್ಲ. ನೆಲ ಬಿಟ್ಟು ಎತ್ತರದಲ್ಲಿ ಮಣ್ಣು ತುಂಬಿಸಿ ಬೆಳೆಸುತ್ತಿದ್ದ ಗಿಡ ಒಂದೇ, ತುಳಸಿ. ಅದಕ್ಕೆ ಕಟ್ಟೆ. ಉಳಿದದ್ದೆಲ್ಲ ಹಿತ್ತಲಿಗೆ. ಬಚ್ಚಲ ನೀರು ಹರಿದುಹೋಗುವ ಕಡೆ ಕೆಸು, ಬಸಳೆ. ಪಾತ್ರೆ ತಿಕ್ಕುವ ಕಲ್ಲಿನ ಹತ್ತಿರ ಪುದೀನ. ಬೇಲಿಗೆ ಹೀರೆ, ಅವರೆ. ಮಜ್ಜಿಗೆಗೆ ಕರಿಬೇವು, ನೆಗಡಿಗೆ ದೊಡ್ಡಪತ್ರೆ. ಹಿತ್ತಲ ಗಿಡ ಮದ್ದಲ್ಲ ಎಂದು ಗಾದೆ ಮಾಡಿದವರಿಗೆ ಒಂದು ಹಿತ್ತಲಾದರೂ ಇತ್ತು ಎಂಬುದು ನೆನಪಿರಲಿ.

ಆ ಹಿತ್ತಲಿನಿಂದ ನಮ್ಮ ತಲೆಮಾರನ್ನು ಎಬ್ಬಿಸಿದ್ದು ನೌಕರಿ. 1969ರ ಜುಲೈ 19ರಂದು ಹದಿನಾಲ್ಕು ಬ್ಯಾಂಕುಗಳು ರಾಷ್ಟ್ರೀಕರಣವಾದವು, 1980ರಲ್ಲಿ ಇನ್ನಾರು. ಹಳ್ಳಿಹಳ್ಳಿಗೆ ಶಾಖೆಗಳು ತೆರೆದವು. ಕೆನರಾ, ಸಿಂಡಿಕೇಟ್, ಕಾರ್ಪೊರೇಷನ್, ವಿಜಯಾ ಎಂದು ಕನ್ನಡ ನಾಡಿನಲ್ಲೇ ಹುಟ್ಟಿದ ಬ್ಯಾಂಕುಗಳ ಸಾವಿರಾರು ನೌಕರರು ಆಂಧ್ರ, ತಮಿಳುನಾಡು, ಮಹಾರಾಷ್ಟ್ರಗಳಿಗೆ ಹರಡಿದರು. ಪ್ರಮೋಷನ್ ಬೇಕೆಂದರೆ ಪೆಟ್ಟಿಗೆ ಕಟ್ಟಬೇಕು. ಎರಡು ಮೂರು ವರ್ಷಕ್ಕೊಂದು ಊರು, ಒಂದು ಬಾಡಿಗೆ ಮನೆ. ಬಾಡಿಗೆ ಮನೆಯ ಅಂಗಳದಲ್ಲಿ ನಿಂಬೆ ಗಿಡ ಹಚ್ಚಿದರೆ ಅದು ಕಾಯಿ ಬಿಡುವ ಹೊತ್ತಿಗೆ ನಾವು ಬೇರೆ ಜಿಲ್ಲೆಯಲ್ಲಿ ಇರುತ್ತಿದ್ದೆವು. ಹಾಗಾಗಿ ನಮ್ಮಂಥವರ ಮನೆಯ ಹೆಂಗಸರು ಡಬ್ಬಿ ಹಿಡಿದರು. ಸೀಮೆಎಣ್ಣೆಯ ತಗಡಿನ ಡಬ್ಬಿ, 1937ರಿಂದ ಮಾರುಕಟ್ಟೆಗೆ ಬಂದ ಡಾಲ್ಡಾದ ಹಳದಿ ಡಬ್ಬಿ, ಒಡೆದ ಬಕೀಟು. ತಳಕ್ಕೆ ಮೊಳೆ ಹೊಡೆದು ತೂತು, ಮೇಲೆ ಮಣ್ಣು, ಗೊಬ್ಬರ. ವರ್ಗಾವಣೆಯಾದರೆ ಡಬ್ಬಿಯೂ ಲಾರಿ ಹತ್ತುತ್ತಿತ್ತು. ಲಾರಿಯವನು ಗೊಣಗುತ್ತಿದ್ದ, ನನ್ನಾಕೆ ಅದನ್ನು ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ. ನಮ್ಮ ಮನೆಯ ಕರಿಬೇವಿನ ಗಿಡ ಹೀಗೆ ನಾಲ್ಕು ಶಾಖೆ ನೋಡಿದೆ. ಕೃಷಿ ಪುಸ್ತಕಗಳಲ್ಲಿ ಕುಂಡದ ತೋಟವನ್ನು ಜಾಗದ ಅಭಾವಕ್ಕೆ ಉಪಾಯ ಎಂದು ಬರೆಯುತ್ತಾರೆ. ನಮ್ಮ ಪಾಲಿಗೆ ಅದು ಕಾಲದ ಅಭಾವಕ್ಕೆ ಕಂಡುಕೊಂಡ ಉಪಾಯ. ಊರು ನಮ್ಮದಾಗಿ ಉಳಿಯುವಷ್ಟು ಕಾಲ ನಾವು ಎಲ್ಲೂ ಇರುತ್ತಿರಲಿಲ್ಲ.

ಮನೆಯ ಮಗ್ಗುಲಲ್ಲೇ ತರಕಾರಿ ಬೆಳೆಯಿರಿ ಎಂದು ಸರ್ಕಾರಗಳೂ ಆಗಾಗ ಹೇಳುತ್ತ ಬಂದಿವೆ. ಎರಡನೇ ಮಹಾಯುದ್ಧದ ಕಾಲಕ್ಕೆ ಇಂಗ್ಲೆಂಡಿನಲ್ಲಿ ಉದ್ಯಾನಗಳನ್ನು ಅಗೆದು ಆಲೂಗಡ್ಡೆ ಹಾಕಿದರು. ಅದೇ ದಶಕದಲ್ಲಿ ಇಲ್ಲಿ 'ಹೆಚ್ಚು ಆಹಾರ ಬೆಳೆಯಿರಿ' ಚಳವಳಿ ನಡೆಯಿತು. 1965ರ ಕಷ್ಟದ ದಿನಗಳಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಗಳು ತಮ್ಮ ಸರ್ಕಾರಿ ಬಂಗಲೆಯ ಹುಲ್ಲುಹಾಸನ್ನೇ ಉಳುಮೆ ಮಾಡಿಸಿದರು. ಬೆಂಗಳೂರಿನಲ್ಲಿ ಕೃಷಿ ವಿಶ್ವವಿದ್ಯಾಲಯದ ನಿವೃತ್ತ ಪ್ರಾಧ್ಯಾಪಕ ಡಾ. ಬಿ.ಎನ್. ವಿಶ್ವನಾಥ್ ಅವರು ತೊಂಬತ್ತರ ದಶಕದಿಂದ ತಾರಸಿ ತೋಟದ ಪಾಠ ಹೇಳಿಕೊಟ್ಟು ಸಾವಿರಾರು ಮನೆಗಳ ಮೇಲೆ ಸೊಪ್ಪು, ಬದನೆ ಹತ್ತಿಸಿದರು. ಹೈದರಾಬಾದಿನಲ್ಲೂ 2010ರ ದಶಕದಲ್ಲಿ 'ಮನ ಇಂಟಿ ಕೂರಗಾಯಲು' ಎಂಬ ಹೆಸರಿನಲ್ಲಿ ತೋಟಗಾರಿಕೆ ಇಲಾಖೆ ತಾರಸಿ ಇದ್ದವರಿಗೆ ಸಬ್ಸಿಡಿಯಲ್ಲಿ ಸಾಮಾನು ಕೊಟ್ಟಿತು. ಎಲ್ಲ ಒಳ್ಳೆಯ ಕೆಲಸವೇ. ಆದರೆ ಇವೆಲ್ಲವೂ ಒಂದು ಸಂಗತಿಯನ್ನು ಮೊದಲೇ ಜಮಾ ಹಿಡಿದಿದ್ದವು, ಬಿಸಿಲು. ಸ್ವಂತ ತಾರಸಿ ಇದ್ದವನಿಗೆ ಆಕಾಶ ಪುಕ್ಕಟೆ. ಫ್ಲ್ಯಾಟಿನವನಿಗೆ ಆಕಾಶದಲ್ಲೂ ಪಾಲು ಮಾತ್ರ, ಅದೂ ಬಿಲ್ಡರ್ ಬಿಟ್ಟುಕೊಟ್ಟಷ್ಟು.

ಹಾಗಾದರೆ ನೆರಳಿನಲ್ಲಿ ಏನು ಬೆಳೆಯುತ್ತದೆ? ಮೊದಲು ಸೂರ್ಯನ ಲೆಕ್ಕ ತಿಳಿಯಬೇಕು. ಹೈದರಾಬಾದು ಹದಿನೇಳು ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಮೇ ತಿಂಗಳ ಎರಡನೇ ವಾರದ ಹೊತ್ತಿಗೆ ಸೂರ್ಯ ನೆತ್ತಿ ದಾಟಿ ಉತ್ತರಕ್ಕೆ ವಾಲುತ್ತಾನೆ, ಆಗಸ್ಟ್ ಮೊದಲಿಗೆ ಮತ್ತೆ ದಕ್ಷಿಣಕ್ಕೆ ಮರಳುತ್ತಾನೆ. ಹಾಗಾಗಿ ಉತ್ತರದ ಬಾಲ್ಕನಿಗೆ ನೇರ ಬಿಸಿಲು ಏಪ್ರಿಲ್ ಕೊನೆಯಿಂದ ಆಗಸ್ಟ್ ನಡುವಿನವರೆಗೆ ಮಾತ್ರ. ಉಳಿದ ಕಾಲವೆಲ್ಲ ಬೆಳಕು ಉಂಟು, ಬಿಸಿಲಿಲ್ಲ. ಹೂಬಿಟ್ಟು ಕಾಯಿ ಕಟ್ಟುವ ಟೊಮೆಟೊ, ಬದನೆ, ಬೆಂಡೆ, ಮೆಣಸಿನಕಾಯಿಗಳಿಗೆ ದಿನಕ್ಕೆ ಆರು ತಾಸು ಬಿಸಿಲು ಬೇಕು. ಅವನ್ನು ಇಲ್ಲಿ ಹಚ್ಚಿದರೆ ಕಡ್ಡಿಯಂತೆ ಉದ್ದವಾಗಿ ಎದ್ದು ಬೆಳಕು ಹುಡುಕುತ್ತ ಬಾಗುತ್ತವೆ, ಹೂವು ಉದುರಿಸುತ್ತವೆ. ಎಲೆಯನ್ನಷ್ಟೇ ತಿನ್ನುವ ಗಿಡಗಳಿಗೆ ಅಷ್ಟು ಬೇಡ. ಪುದೀನ, ಒಂದೆಲಗ, ದೊಡ್ಡಪತ್ರೆ, ಕೆಸು, ಬಸಳೆ ನೆರಳಿಗೂ ಒಗ್ಗುತ್ತವೆ. ಶುಂಠಿ, ಅರಿಶಿನಗಳಂತೂ ಮಲೆನಾಡಿನ ಮರದ ಕೆಳಗೆ ಬೆಳೆಯುವಂಥವೇ. ಮೆಂತ್ಯ, ಕೊತ್ತಂಬರಿ, ರಾಜಗಿರಿಗಳನ್ನು ಒತ್ತಾಗಿ ಬಿತ್ತಿ ಎಳೆಯದಿದ್ದಾಗಲೇ ಕತ್ತರಿಸಿದರೆ ಸಾಕು, ದಂಟು ದಪ್ಪವಾಗುವ ತನಕ ಕಾಯಬಾರದು.

ನೆರಳಿನ ತೋಟಕ್ಕೆ ನೀರೇ ದೊಡ್ಡ ಶತ್ರು. ಬಿಸಿಲಿಲ್ಲದ ಮಣ್ಣು ಬೇಗ ಒಣಗುವುದಿಲ್ಲ. ದಿನಾ ನೀರು ಹಾಕಿದರೆ ಬೇರು ಕೊಳೆಯುತ್ತದೆ. ಬೆರಳನ್ನು ಎರಡು ಗೆಣ್ಣು ಮಣ್ಣಿಗೆ ಇಳಿಸಿ, ಒಣಗಿದೆ ಅನ್ನಿಸಿದರೆ ಮಾತ್ರ ನೀರು. ಕೆಂಪು ಮಣ್ಣು, ತೆಂಗಿನ ನಾರಿನ ಪುಡಿ, ಕಳಿತ ಗೊಬ್ಬರ ಸಮಪಾಲು ಹಾಕಿದರೆ ನೀರು ನಿಲ್ಲುವುದಿಲ್ಲ, ಭಾರವೂ ಕಡಿಮೆ. ಸೊಪ್ಪಿಗೆ ಎಂಟು ಇಂಚು ಆಳ ಸಾಕು. ಗೋಡೆಗೆ ಬಿಳಿ ಸುಣ್ಣ ಬಳಿದರೆ ಅದು ಇದ್ದಷ್ಟು ಬೆಳಕನ್ನು ಗಿಡದ ಕಡೆ ತಿರುಗಿಸುತ್ತದೆ. ವಾರಕ್ಕೊಮ್ಮೆ ಕುಂಡವನ್ನು ಅರ್ಧ ಸುತ್ತು ತಿರುಗಿಸಿದರೆ ಗಿಡ ಒಂದೇ ಕಡೆ ವಾಲುವುದಿಲ್ಲ.

ಎಂ.ಕಾಂ. ಓದಿ ಮೂವತ್ತು ವರ್ಷ ಲೆಡ್ಜರು ನೋಡಿದವನು ಸುಮ್ಮನಿರುವುದುಂಟೆ? ಕಳೆದ ವರ್ಷ ಇದಕ್ಕೂ ಒಂದು ಲೆಕ್ಕ ಇಟ್ಟೆ. ಮಣ್ಣು, ಗೊಬ್ಬರ, ಕುಂಡಗಳ ಸವಕಳಿ ಎಲ್ಲ ಸೇರಿ ಖರ್ಚು ಎರಡು ಸಾವಿರದ ಮುನ್ನೂರು ರೂಪಾಯಿ. ಬಿಡಿಸಿದ ಸೊಪ್ಪನ್ನು ರೈತು ಬಜಾರಿನ ದರದಲ್ಲಿ ಕಟ್ಟಿದರೆ ಸಾವಿರದ ನೂರು. ಯಾವ ಮ್ಯಾನೇಜರನೂ ಇಂಥ ಪ್ರಾಜೆಕ್ಟಿಗೆ ಸಾಲ ಮಂಜೂರು ಮಾಡಲಾರ. 1999ರ ಜನವರಿ 26ರಂದು ಶುರುವಾದ ರೈತು ಬಜಾರುಗಳಲ್ಲಿ ರೈತರೇ ತಂದು ಮಾರುವ ಸೊಪ್ಪು ತಾಜಾ ಇರುತ್ತದೆ, ಅಗ್ಗವೂ ಹೌದು. ಮತ್ತೆ ಈ ನಷ್ಟದ ಬಾಬತ್ತು ಯಾಕೆ ಬೇಕು? ಇದಕ್ಕೆ ಉತ್ತರ ಬರೆಯಬೇಕಾದರೆ ಪುಂಡಿಯ ವಿಷಯ ಹೇಳಬೇಕು.

ಪುಂಡಿ ಪಲ್ಲೆ ಎಂದರೆ ಕಲ್ಯಾಣ ಕರ್ನಾಟಕದವರಿಗೆ ವಿವರಣೆ ಬೇಡ. ಮೈಸೂರು ಕಡೆಯ ಓದುಗರಿಗಾಗಿ ಹೇಳುತ್ತೇನೆ. ಅದು ಹುಳಿ ಸೊಪ್ಪು, ದಾಸವಾಳದ ಬಳಗದ್ದು, ಮೂಲ ಆಫ್ರಿಕಾದ್ದು. ಹೊಲದ ಬದುವಿಗೆ ತೊಗರಿಯ ಜತೆ ಬಿತ್ತುತ್ತಾರೆ. ಎಲೆ ಪಲ್ಲೆಗೆ, ಕಾಂಡದ ನಾರು ಹಗ್ಗಕ್ಕೆ. ಜೋಳದ ನುಚ್ಚು, ತೊಗರಿ ಬೇಳೆ ಹಾಕಿ ಕುದಿಸಿ, ಬೆಳ್ಳುಳ್ಳಿ ಒಗ್ಗರಣೆ ಕೊಟ್ಟು ರೊಟ್ಟಿಯ ಮೇಲೆ ಹಾಕಿಕೊಂಡರೆ ಊಟ ಮುಗಿಯಿತು. ಇದೇ ಸೊಪ್ಪು ಕರಾವಳಿ ಆಂಧ್ರದಲ್ಲಿ ಗೋಂಗೂರ. ಆದರೆ ಶಂಶಾಬಾದಿನ ಸಂತೆಯಲ್ಲಿ ಸೊಪ್ಪಿನಾಕೆ ಕೂಗುವುದು 'ಪುಂಟಿಕೂರ' ಎಂದು. ಮೊದಲ ಸಲ ಕೇಳಿದಾಗ ನನ್ನಾಕೆ ಅಲ್ಲೇ ನಿಂತು ನಕ್ಕಳು. ಪುಂಡಿಗೂ ಪುಂಟಿಗೂ ಎಷ್ಟು ಮಹಾ ದೂರ? ಹಳೆಯ ಶಹರಿನ ಉರ್ದುವಿನಲ್ಲಿ ಅದು ಅಂಬಾಡಾ, ಮರಾಠವಾಡದಲ್ಲಿ ಅಂಬಾಡಿ. ಹಳೆಯ ಹೈದರಾಬಾದ್ ರಾಜ್ಯದ ಹದಿನಾರು ಜಿಲ್ಲೆಗಳಲ್ಲಿ ಎಂಟು ತೆಲಂಗಾಣದವು, ಐದು ಮರಾಠವಾಡದವು, ಮೂರು ಕನ್ನಡದವು. ಆಡಳಿತದ ಭಾಷೆ ಉರ್ದು. ಆ ರಾಜ್ಯ 1956ರ ನವೆಂಬರ್ 1ರಂದು ಇಲ್ಲವಾಯಿತು. ಆದರೂ ಒಂದೇ ಸೊಪ್ಪಿನ ಹೆಸರುಗಳಲ್ಲಿ ಅದರ ನಕ್ಷೆ ಉಳಿದಿದೆ.

ಆ ದಿನ ಗುಲ್ಬರ್ಗಾ, ರಾಯಚೂರು, ಬೀದರ್ ಮೈಸೂರು ರಾಜ್ಯಕ್ಕೆ ಬಂದವು. ಗುಲ್ಬರ್ಗಾ ಜಿಲ್ಲೆಯದೇ ಆಗಿದ್ದ ಕೊಡಂಗಲ್, ತಾಂಡೂರು ತಾಲ್ಲೂಕುಗಳು ಆಂಧ್ರಕ್ಕೆ ಹೋದವು. ನಮ್ಮ ಅಪ್ಪ ಹುಟ್ಟಿದ್ದು ನಿಜಾಮರ ಸಂಸ್ಥಾನದಲ್ಲಿ, ನಾನು ಮೈಸೂರು ರಾಜ್ಯದಲ್ಲಿ, ಮಗ ಕರ್ನಾಟಕದಲ್ಲಿ, ಮೊಮ್ಮಗಳು 2014ರ ನಂತರದ ತೆಲಂಗಾಣದಲ್ಲಿ. ನಾಲ್ಕು ತಲೆಮಾರಿಗೆ ನಾಲ್ಕು ರಾಜ್ಯ. ನಮ್ಮ ಹಳ್ಳಿಗೂ ಈ ಬಾಲ್ಕನಿಗೂ ನಡುವಿನ ದೂರ ಇನ್ನೂರು ಕಿಲೋಮೀಟರೂ ಆಗುವುದಿಲ್ಲ. 1874ರಲ್ಲೇ ವಾಡಿಯಿಂದ ಹೈದರಾಬಾದಿಗೆ ರೈಲು ಬಂದಿತ್ತು, ಸೇಡಂ ಮೇಲಿಂದಲೇ. ಇದನ್ನು ಪರಊರು ಎನ್ನಲೂ ಬಾಯಿ ಬರುವುದಿಲ್ಲ, ಸ್ವಂತ ಊರು ಎನ್ನಲೂ ಬರುವುದಿಲ್ಲ.

ಈಗ ಪುಂಡಿ ಮತ್ತು ನೆರಳಿನ ಲೆಕ್ಕಕ್ಕೆ ಬರೋಣ. ಮಿರಗ ಮಳೆಗೆ, ಜೂನಿನಲ್ಲಿ, ಒಂದಡಿ ಆಳದ ಬಕೀಟಿಗೆ ಪುಂಡಿ ಬೀಜ ಹಾಕುತ್ತೇವೆ. ಆಗ ಉತ್ತರದ ಬಿಸಿಲು ಇರುತ್ತದೆ. ಗಿಡ ಏಳುತ್ತದೆ, ಎಲೆ ಬಿಡುತ್ತದೆ, ಜುಲೈ ಆಗಸ್ಟಿನಲ್ಲಿ ನಾಲ್ಕೈದು ಸಲ ಪಲ್ಲೆಗಾಗುತ್ತದೆ. ಹೊಲದ ಪುಂಡಿಯಷ್ಟು ಹುಳಿಯಿಲ್ಲ, ಎಲೆ ತೆಳು. ಆದರೂ ಪುಂಡಿಯೇ. ತೊಂದರೆ ಬರುವುದು ಆಮೇಲೆ. ಪುಂಡಿ ಹೂ ಬಿಡುವುದು ಹಗಲು ಕಿರಿದಾಗುತ್ತ ಬಂದಾಗ, ಸೆಪ್ಟೆಂಬರ್ ದಾಟಿದ ಮೇಲೆ. ಸರಿಯಾಗಿ ಆ ಹೊತ್ತಿಗೆ ನಮ್ಮ ಬಾಲ್ಕನಿಗೆ ಬಿಸಿಲು ನಿಂತಿರುತ್ತದೆ. ಜತೆಗೆ ಎದುರು ಬ್ಲಾಕಿನ ಕಾರಿಡಾರಿನ ದೀಪ ರಾತ್ರಿಯಿಡೀ ಉರಿಯುತ್ತದೆ, ಇಂಥ ಗಿಡಗಳಿಗೆ ಹಗಲು ಮುಗಿದದ್ದು ತಿಳಿಯಲು ಕತ್ತಲೆಯೂ ಬೇಕು. ಹೂವು ಬಂದರೆ ಎರಡೋ ಮೂರೋ, ಕಾಯಿ ಕಟ್ಟಿದರೂ ಜೊಳ್ಳು. ಅಂದರೆ ನಮ್ಮ ತೋಟ ಎಲೆ ಕೊಡುತ್ತದೆ, ಬೀಜ ಕೊಡುವುದಿಲ್ಲ. ಪ್ರತಿ ವರ್ಷ ಬೀಜ ಊರಿಂದಲೇ ಬರಬೇಕು.

ಕಳುಹಿಸುವವರು ನಮ್ಮ ವೈನಿ. ಎಪ್ಪತ್ತು ದಾಟಿದ್ದಾರೆ. ಪ್ರತಿ ಡಿಸೆಂಬರಿನಲ್ಲಿ ಒಣಗಿದ ಕಾಯಿ ಬಡಿದು, ಬೂದಿ ಕಲಿಸಿ, ಬಟ್ಟೆಯ ಗಂಟಿನಲ್ಲಿ ಕಟ್ಟಿಡುತ್ತಾರೆ. ಅಂಗಡಿಯ ಪಾಕೀಟು ತಂದರಾಯಿತಲ್ಲ ಎಂದು ಒಮ್ಮೆ ಅಂದಿದ್ದೆ. "ಅಂಗಡ್ಯಾಗಿಂದು ಹಾಕಬ್ಯಾಡ್ರಿ. ಅದು ಎಂಥಾದೋ ಏನೋ. ಇದು ನಮ್ಮ ಅತ್ತಿ ಕೈಯಾಗಿಂದ ಬಂದದ್ದದ" ಎಂದರು. ಅವರ ಅತ್ತೆ ಎಂದರೆ ನಮ್ಮ ಅವ್ವ. ಅವ್ವ ಹೋಗಿ ಇಪ್ಪತ್ತೆರಡು ವರ್ಷವಾಯಿತು. ಗಡಿಗಳು ಸರಿದಾಡಿದ ಕಾಲದಲ್ಲೆಲ್ಲ ಈ ಬೀಜ ವರ್ಷ ತಪ್ಪದೆ ಮೊಳೆತು, ಕಾಯಿ ಕಟ್ಟಿ, ಗಂಟಿಗೆ ಬಂದಿದೆ. ಅದು ನಮ್ಮ ಮನೆಯ ಅತ್ಯಂತ ಹಳೆಯ ಖಾತೆ. ಬ್ಯಾಂಕಿನ ಭಾಷೆಯಲ್ಲಿ ಹೇಳುವುದಾದರೆ, ನಾವು ಹೊರಗಿರುವವರು ಬರೀ ಬಡ್ಡಿ ತಿನ್ನುವವರು. ಅಸಲು ಕಾಯುತ್ತಿರುವವರು ಊರಿನಲ್ಲಿದ್ದಾರೆ.

ಊರಿನಲ್ಲೂ ಹಿತ್ತಲುಗಳು ಕಡಿಮೆಯಾಗುತ್ತಿವೆ. ನಮ್ಮ ಮನೆಯ ಹಿತ್ತಲಿನ ಅರ್ಧಕ್ಕೆ ಈಗ ಸಿಮೆಂಟು ಬಿದ್ದಿದೆ, ಕಾರು ನಿಲ್ಲಿಸಲಿಕ್ಕೆ. ಉಳಿದರ್ಧದಲ್ಲಿ ಒಂದು ಖೋಲಿ ಹಾಕಿಸಬೇಕು ಎಂದು ಅಣ್ಣನ ಮಗ ಹೇಳುತ್ತಾನೆ. ಅವನ ಸಂಸಾರಕ್ಕೆ ಜಾಗ ಬೇಕು, ಬೇಡವೆನ್ನಲು ನಾನ್ಯಾರು? ದೂರ ಇರುವವನಿಗೆ ಹಿತ್ತಲ ಮೇಲೆ ಹಕ್ಕಿಗಿಂತ ಆಸೆ ಹೆಚ್ಚು. ನಾನು ಅವನನ್ನು ಕೇಳಿಕೊಂಡದ್ದು ಇಷ್ಟೇ: ಖೋಲಿ ಕಟ್ಟಿದರೆ ಮೇಲಿನ ಮಾಳಿಗೆಯನ್ನು ಖಾಲಿ ಬಿಡು, ಅಲ್ಲಿ ನಾಲ್ಕು ಬಕೀಟು ಇಡೋಣ, ಬಕೀಟಿನ ಖರ್ಚು ನನ್ನದು. ಸೇಡಂ ಬಿಸಿಲಿಗೆ ಅಲ್ಲಿ ಪುಂಡಿ ಕಾಯಿ ಕಟ್ಟದೆ ಇರಲಾರದು. "ಆಯ್ತು ಕಾಕಾ, ನೋಡೂಣು" ಎಂದಿದ್ದಾನೆ.

ಇದನ್ನು ಓದುತ್ತಿರುವವರಲ್ಲಿ ಊರಲ್ಲೇ ಇದ್ದು ಹಿತ್ತಲೋ ಮಾಳಿಗೆಯೋ ಇಟ್ಟುಕೊಂಡಿರುವವರು ಅನೇಕರಿರಬಹುದು. ನಿಮ್ಮ ಕಡೆ ಅದು ಪುಂಡಿ ಆಗಿರಲಿಕ್ಕಿಲ್ಲ, ಮಲೆನಾಡಿನ ಯಾವುದೋ ಸೌತೆಯೋ, ಕರಾವಳಿಯ ಹರಿವೆಯೋ ಇರಬಹುದು. ಈ ಸಲ ಒಂದು ಗಿಡವನ್ನು ಪಲ್ಲೆಗೆ ಬಿಡಿಸದೆ ಬೀಜಕ್ಕೆ ಬಿಡಿ. ಒಣಗಿದ ಮೇಲೆ ಒಂದು ಹಿಡಿ ಕವರಿಗೆ ಹಾಕಿ, ಮೇಲೆ ಹೆಸರು, ವರ್ಷ ಬರೆದಿಡಿ. ಹೊರಗಿರುವ ನಿಮ್ಮ ಮಗನೋ ತಂಗಿಯೋ ಹಬ್ಬಕ್ಕೆ ಬಂದಾಗ ಹೋಳಿಗೆ, ಚಟ್ನಿಪುಡಿಯ ಜತೆ ಅದನ್ನೂ ಚೀಲಕ್ಕೆ ಹಾಕಿ ಕಳಿಸಿ. ಅವರ ಬಾಲ್ಕನಿಗೆ ಬಿಸಿಲು ಎಷ್ಟು ಬರುತ್ತದೆ ಎಂದು ಮಾತ್ರ ಮೊದಲೇ ಕೇಳಿಕೊಳ್ಳಿ.